ನೂರಾ ನಲವತ್ನಾಲ್ಕು ಹರ್ಟ್ಸಿನ ಕಣ್ಣು

ಆಸೆಪಟ್ಟು ತಂದ ವಸ್ತು ಮನೆಯಲ್ಲಿ ಕಣ್ಣೆದುರಿಗೇ ಕೂತಿರುವಾಗ ಅದು ಅಂಥ ವಿಶೇಷವೇನಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ ಹೇಳಿ. ಹೊಸ ಹಾಸಿಗೆ ತಂದ ಮರುದಿನ ಸೊಂಟ ಹಿಡಿದುಕೊಂಡೇ ಎದ್ದರೂ, ಚೆನ್ನಾಗಿ ನಿದ್ದೆ ಬಂತು ಎಂದೇ ನಾವು ಹೇಳುವುದು. ಹೊಸ ಕನ್ನಡಕ ಹಾಕಿಕೊಂಡವನು ಮೆಟ್ಟಿಲು ಎಡವಿದರೂ ದೂರದ ಬೋರ್ಡನ್ನು ಗಟ್ಟಿಯಾಗಿ ಓದಿ ತೋರಿಸುತ್ತಾನೆ. ಇದು ಸುಳ್ಳಲ್ಲ. ಹೇಳುವಾಗ ನಮಗೇ ಹಾಗೆ ಅನ್ನಿಸಿರುತ್ತದೆ. ನಾನು ಎಂಟು ತಿಂಗಳು ಹೇಳಿದ್ದೂ ಇಂಥದೇ ಜಾತಿಯದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದಿನದು ಸುಲಭವಾಗುತ್ತದೆ.

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಮನೆ ರಾಯಚೂರಿನಲ್ಲಿ, ಓಡಾಟ ಬಸ್ಸಿನಲ್ಲಿ. ವಯಸ್ಸು ನಲವತ್ತೊಂಬತ್ತು. ಈ ವಯಸ್ಸಿನಲ್ಲಿ ನನ್ನ ಸಹೋದ್ಯೋಗಿಗಳು ಪ್ಲಾಟು, ಬೀಪಿ, ಮಗಳ ಮದುವೆ ಎಂದು ಮಾತಾಡುತ್ತಾರೆ. ನಾನು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ. ನನ್ನ ಎದುರಾಳಿ ರಿಯಾಜ್, ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಈಗ ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಪ್ರತಿ ಭಾನುವಾರ ಮಧ್ಯಾಹ್ನ ಅವನು ಅಲ್ಲಿಂದ, ನಾನು ಇಲ್ಲಿಂದ, ಕಿವಿಗೆ ಫೋನ್ ಸಿಕ್ಕಿಸಿಕೊಂಡು ಹತ್ತು ಸುತ್ತು ಓಡಿಸುತ್ತೇವೆ. ನಾಲ್ಕು ವರ್ಷ ಆಯಿತು. ನಾಲ್ಕು ವರ್ಷವೂ ಅವನೇ ಗೆದ್ದ. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು: ನನಗೆ ನಿಜವಾದ ಗಾಡಿ ಓಡಿಸಲು ಬರುವುದಿಲ್ಲ. ನಮ್ಮ ಮನೆಯ ಸ್ಕೂಟರನ್ನು ಹೆಂಡತಿ ಶೈಲಜಾ ಓಡಿಸುತ್ತಾಳೆ. ನಾನು ಹಿಂದೆ ಕೂತು ತರಕಾರಿ ಚೀಲ ಹಿಡಿದುಕೊಳ್ಳುತ್ತೇನೆ. ಸ್ಟೇಷನ್ ರಸ್ತೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಆ ಭಂಗಿಯಲ್ಲೇ ನನಗೆ ನಮಸ್ಕಾರ ಹಾಕುತ್ತಾರೆ.

ಸೋಲಿಗೆ ಕಾರಣ ನನ್ನ ಕೈಯಲ್ಲ, ಹಳೆಯ ಮಾನಿಟರು ಎಂದು ನನಗೆ ಹೊಳೆದದ್ದು ಕಳೆದ ವರ್ಷ. ಅದು ಸೆಕೆಂಡಿಗೆ ಅರವತ್ತು ಸಲ ಮಾತ್ರ ಚಿತ್ರ ಬದಲಿಸುತ್ತಿತ್ತು. ಅದಕ್ಕೇ ಅರವತ್ತು ಹರ್ಟ್ಸ್ ಎನ್ನುತ್ತಾರೆ. ನೂರಾ ನಲವತ್ನಾಲ್ಕು ಸಲ ಬದಲಿಸುವ ಮಾನಿಟರುಗಳು ಬಂದಿದ್ದವು. ಒಂದನ್ನು ತಂದೆ. ಸಿಕ್ಕಿಸಿದೆ. ಸೆಕೆಂಡಿಗೆ ಎಷ್ಟು ಚಿತ್ರ ಎಂದು ತೋರಿಸುವ ಹಸಿರು ಅಂಕಿಯನ್ನು ಮೊದಲ ಸಲ ಆಟದ ಮೂಲೆಯಲ್ಲಿ ಹಾಕಿಕೊಂಡೆ, ಅದು ನೂರಾ ಇಪ್ಪತ್ತು, ನೂರಾ ಮೂವತ್ತು ಎಂದು ಕುಣಿಯತೊಡಗಿತು. ನನ್ನ ಕಣ್ಣು ತಂಪಾಯಿತು. ರಸ್ತೆ ಎಣ್ಣೆ ಸುರಿದ ಹಾಗೆ ಜಾರುತ್ತಿದೆ ಎಂದು ರಿಯಾಜನಿಗೆ ಹೇಳಿದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಅರವತ್ತು ಹರ್ಟ್ಸ್ ನೋಡಿದರೆ ಈಗ ನನಗೆ ಕಣ್ಣು ನೋಯುತ್ತದೆ ಎಂದು ಡ್ರಾಯಿಂಗ್ ಮೇಷ್ಟ್ರ ಮುಂದೆ ಹೇಳಿದ್ದಲ್ಲದೆ, ಶಾಲೆಯ ಕಂಪ್ಯೂಟರಿನ ಮುಂದೆ ಕೂತಾಗ ರೆಪ್ಪೆಯನ್ನು ಉಜ್ಜಿಕೊಂಡೂ ತೋರಿಸಿದ್ದೇನೆ. ಬಂದ ನೆಂಟರನ್ನು ಚಹಾ ಕೊಡುವ ಮೊದಲು ಮಾನಿಟರಿನ ಮುಂದೆ ಕೂರಿಸುತ್ತಿದ್ದೆ. ಅವರೂ ಪಾಪ, ಹೌದ್ರೀ, ಭಾಳ ನುಣ್ಣಗ ಅದ ಎನ್ನುತ್ತಿದ್ದರು. ಚಿತ್ರ ಆಗಾಗ ನಡುವೆ ಅಡ್ಡಲಾಗಿ ಹರಿದು, ಮೇಲರ್ಧ ಒಂದು ಕಡೆ, ಕೆಳಗರ್ಧ ಒಂದು ಕಡೆ ಹೋಗುತ್ತಿತ್ತು. ಅದು ಅತಿವೇಗದ ಲಕ್ಷಣ ಎಂದು ವಿವರಿಸುತ್ತಿದ್ದೆ. ಭಾನುವಾರಗಳಲ್ಲಿ ಮಾತ್ರ ಮೊದಲಿನ ಹಾಗೆಯೇ ಸೋಲುತ್ತಿದ್ದೆ.

ಎಂಟನೆಯ ತಿಂಗಳಿಗೆ ರಿಯಾಜನ ತಾಳ್ಮೆ ಮುಗಿಯಿತು. ಅವನದು ಅಂಗಡಿಯ ಹಳೆಯ ಅರವತ್ತು ಹರ್ಟ್ಸಿನ ಮಾನಿಟರು. ನನ್ನ ಎಣ್ಣೆಯ ವರ್ಣನೆ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು.

"ಲೇ ಮಲ್ಲ್ಯಾ, ಬರೋ ಐತವಾರ ಒಂದು ಫೈಸಲಾ ಆಗ್ಲಿ," ಎಂದ. "ನೀ ಸೋತ್ರ ಆ ಮಾನಿಟರ್ ದೇವದುರ್ಗಕ್ಕ ಬರ್ತದ. ನಾ ಸೋತ್ರ ನಿಮ್ಮ ಮನಿಗೆ ಬಂದು ಭಾಬಿ ಮುಂದ ಹೇಳ್ತೀನಿ, ನಿಮ್ಮ ಯಜಮಾನ್ರು ನನಗಿಂತ ಚಲೋ ಗಾಡಿ ಹೊಡಿತಾರ ಅಂತ."

ಮಾನಿಟರು ಹೋಗುವ ಭಯಕ್ಕಿಂತ ಆ ಮಾತಿನ ಆಸೆ ದೊಡ್ಡದಾಗಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಾಡಿ ಓಡಿಸುವ ವಿಷಯಕ್ಕೆ ನನ್ನನ್ನು ಹೊಗಳಿದ ಒಂದು ವಾಕ್ಯವೂ ಶೈಲಜಾಳ ಕಿವಿಗೆ ಬಿದ್ದಿರಲಿಲ್ಲ. ಒಪ್ಪಿಕೊಂಡೆ.

ಆ ವಾರದ ಗುರುವಾರ ಶೈಲಜಾ ಧೂಳು ಒರೆಸುತ್ತಿದ್ದಳು. ನಮ್ಮ ಊರಿನ ಧೂಳು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರು. ಒರೆಸುವಾಗ ಮಾನಿಟರಿನ ತಳದ ಗುಂಡಿ ಒತ್ತಿ ಹೋಯಿತು, ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಅವಳು ಓದುವವಳು. ಕುಕ್ಕರಿನ ಜೊತೆ ಬಂದ ಪುಸ್ತಕವನ್ನೂ ಮೊದಲ ಪುಟದಿಂದ ಕೊನೆಯವರೆಗೆ ಓದಿಯೇ ಅನ್ನಕ್ಕಿಟ್ಟವಳು.

"ಅಲ್ರೀ, ಇದರಾಗ ಅರವತ್ತು ಅಂತ ಬರಾಕತ್ತದಲ್ಲ," ಎಂದಳು.

ನಾನು ನಗುತ್ತಲೇ ಹೋದೆ. ಆಟ ತೆರೆದು ಮೂಲೆಯ ಹಸಿರು ಅಂಕಿ ತೋರಿಸಿ, ನೂರಾ ಇಪ್ಪತ್ತೈದು ಕಾಣುವುದಿಲ್ಲವೇ ಎಂದೆ. ಅವಳು ಮಾನಿಟರಿನ ಪುಸ್ತಕ ಹುಡುಕಿ ತಂದು ಕೂತಳು. ಹತ್ತು ನಿಮಿಷ ಓದಿದಳು. ನಾನು ಎಂಟು ತಿಂಗಳಲ್ಲಿ ತಿಳಿಯದ್ದನ್ನು ಅವಳು ಅಡುಗೆಮನೆಯ ಭಾಷೆಯಲ್ಲಿ ನನಗೆ ತಿಳಿಸಿದಳು.

"ಆ ಹಸರು ಅಂಕಿ ಕಂಪ್ಯೂಟರ್ ಒಳಗಿನ ಕಾರ್ಡಿಂದು. ಅದು ರೊಟ್ಟಿ ಮಾಡಾಕಿ ಇದ್ದಂಗ, ಚಿತ್ರ ಮಾಡ್ತದ. ಮಾನಿಟರ್ ಪಂಕ್ತಿಗೆ ಒಯ್ದು ಹಾಕಾಂವ. ನಾ ನೂರಾ ಇಪ್ಪತ್ತು ರೊಟ್ಟಿ ಮಾಡಿದ್ರೂ, ನೀವು ಅರವತ್ತು ಸಲ ಅಷ್ಟ ಹೊರಗ ಹೋದ್ರ ಉಳದದ್ದು ಯಾರು ತಿನ್ನಬೇಕ್ರೀ?"

ಒಯ್ಯುವವನು ಅರ್ಧ ದಾರಿಯಲ್ಲಿರುವಾಗಲೇ ಹೊಸ ರೊಟ್ಟಿ ಬಂದರೆ ತಾಟಿನಲ್ಲಿ ಅರ್ಧ ಹಳೆಯದು, ಅರ್ಧ ಬಿಸಿಯದು ಬೀಳುತ್ತದೆ, ಚಿತ್ರ ಹರಿಯುವುದು ಅದಕ್ಕೇ ಎಂದೂ ಹೇಳಿದಳು. ಅತಿವೇಗದ ಲಕ್ಷಣ ಎಂದು ನೆಂಟರಿಗೆಲ್ಲ ತೋರಿಸಿದ್ದು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಆಮೇಲೆ ಅವಳು ಪುಸ್ತಕದ ಒಂದು ಚಿತ್ರದ ಮೇಲೆ ಬೆರಳಿಟ್ಟು, ಈ ಹೊಸ ವಯರ್ ಎಲ್ಲಿ ಎಂದು ಕೇಳಿದಳು.

ವಯರ್ ಬೀರುವಿನಲ್ಲಿತ್ತು. ಇದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ನಮ್ಮ ಮನೆಯಲ್ಲಿ ಹೊಸದನ್ನು ಬಳಸುವ ಪದ್ಧತಿ ಇಲ್ಲ. ಮದುವೆಗೆ ಬಂದ ಸ್ಟೀಲ್ ತಾಟುಗಳು ಇಪ್ಪತ್ತೆರಡು ವರ್ಷದಿಂದ ಅಟ್ಟದ ಮೇಲೆ ನೆಂಟರಿಗೆ ಕಾಯುತ್ತಿವೆ. ನೆಂಟರು ಬಂದಾಗ, ಅವರಿಗಿಂತ ದೊಡ್ಡ ನೆಂಟರು ಬರಬಹುದೆಂದು ಹಳೆಯ ತಾಟಿನಲ್ಲೇ ಬಡಿಸುತ್ತೇವೆ. ಟೀವಿಯ ರಿಮೋಟು ಪ್ಲಾಸ್ಟಿಕ್ ಚೀಲದೊಳಗೇ ಇದ್ದು ತೀರಿಕೊಂಡಿತು. ನಮ್ಮವ್ವ ಹೊಸ ಕೌದಿಯನ್ನು ಟ್ರಂಕಿನಲ್ಲಿಟ್ಟು, ಚಳಿಗಾಲವೆಲ್ಲ ಹರಿದದ್ದನ್ನೇ ಹೊದ್ದವಳು. ಆ ರಕ್ತ ನನ್ನದು. ಮಾನಿಟರಿನ ಡಬ್ಬಿಯಲ್ಲಿ ದಪ್ಪನೆಯ ಹೊಸ ವಯರು ಬಂದಾಗ, ಛೆ, ಇದನ್ನು ಈಗಲೇ ಯಾಕೆ ಹಾಳು ಮಾಡುವುದು ಎಂದು ರೇಷ್ಮೆ ಸೀರೆಗಳ ನಡುವೆ ಭದ್ರವಾಗಿಟ್ಟು, ಹಳೆಯ ಟೀವಿಯ ವಯರನ್ನೇ ಸಿಕ್ಕಿಸಿದ್ದೆ. ಆ ಹಳೆಯ ವಯರಿಗೆ ಅರವತ್ತಕ್ಕಿಂತ ಹೆಚ್ಚು ದಾಟಿಸುವ ಶಕ್ತಿ ಇರಲಿಲ್ಲ.

ಅವತ್ತೇ ಹೊಸ ವಯರ್ ಸಿಕ್ಕಿಸಿದೆ. ಆಟ ತೆರೆದೆ. ಅಬ್ಬಾ, ಇದಲ್ಲವೇ ನುಣುಪು ಎಂದೆ. ಮೊದಲಿನದು ಎಣ್ಣೆಯಾದರೆ ಇದು ತುಪ್ಪ ಎಂದು ಶೈಲಜಾಳಿಗೆ ಹೇಳಿದೆ. ಅವಳು ಹ್ಞೂಂ ಎಂದು ಒಳಗೆ ಹೋದಳು.

ಭಾನುವಾರ ಬಂತು. ಕೂಲರ್ ಬಿಸಿಗಾಳಿಯನ್ನೇ ಒದ್ದೆ ಮಾಡಿ ಊದುತ್ತಿತ್ತು. ನಾನು ಬನಿಯನ್ನಿನಲ್ಲಿ ಕೂತಿದ್ದೆ. ಮೊದಲ ಮೂರು ಸುತ್ತು ರಿಯಾಜ್ ಮುಂದೆ, ಅವನ ಕಾರಿನ ಕೆಂಪು ದೀಪ ನನಗೆ ನಾಲ್ಕು ವರ್ಷದ ಪರಿಚಯ. ಆದರೆ ಅವತ್ತು ನನ್ನೊಳಗೆ ಏನೋ ಬದಲಾಗಿತ್ತು. ಪ್ರತಿ ತಿರುವಿನಲ್ಲೂ, ಗಾಬರಿ ಬೇಡ, ನಿನಗೆ ಅವನಿಗಿಂತ ಎರಡು ಪಟ್ಟು ಹೆಚ್ಚು ಕಾಣುತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಯಾವತ್ತೂ ತಿರುವಿನಲ್ಲಿ ಹೆದರಿ ಮೊದಲೇ ಬ್ರೇಕ್ ಒತ್ತುವವನು ಅವತ್ತು ತಡೆದು ಒತ್ತಿದೆ. ಏಳನೆಯ ಸುತ್ತಿನಲ್ಲಿ ಸೇತುವೆಯ ಹತ್ತಿರ ಒಳಗಡೆಯಿಂದ ನುಗ್ಗಿದೆ. ಫೋನಿನಲ್ಲಿ ರಿಯಾಜ್ ಲೇ, ಲೇ ಎಂದು ಕೂಗಿದ. ಹತ್ತನೆಯ ಸುತ್ತು ಮುಗಿದಾಗ ನಾನು ಮುಂದಿದ್ದೆ, ಅದೂ ಒಂದು ಕಾರಿನ ಉದ್ದದಷ್ಟು. ಎದ್ದು ನಿಂತು ಕುಣಿದೆ. ಮಲಗಿದ್ದ ಶೈಲಜಾ ಬಾಗಿಲಿಗೆ ಬಂದು ನೋಡಿ, ಬನಿಯನ್ ಹಿಂದುಮುಂದಾಗಿದೆ ಎಂದಳು. ಆಗಲಿ ಬಿಡು ಎಂದೆ. ಅಷ್ಟು ಸಂತೋಷ ನನಗೆ ನೌಕರಿಯ ಆರ್ಡರ್ ಬಂದ ದಿನವೂ ಆಗಿರಲಿಲ್ಲ.

ಮುಂದಿನ ಭಾನುವಾರ ರಿಯಾಜ್ ದೇವದುರ್ಗದ ಬಸ್ಸು ಹಿಡಿದು, ಮಾತಿಗೆ ತಪ್ಪದೆ ಬಂದ. ಊಟ ಮಾಡಿ, ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು ಶೈಲಜಾಳ ಮುಂದೆ ನಿಂತ. ನಾನು ಮುಖವನ್ನು ಆದಷ್ಟು ವಿನಯವಾಗಿಟ್ಟುಕೊಂಡೆ.

"ಭಾಬಿ, ನಿಮ್ಮ ಯಜಮಾನ್ರು ನನಗಿಂತ ಚಲೋ ಗಾಡಿ ಹೊಡಿತಾರ," ಎಂದ. ಟವೆಲನ್ನು ಕುರ್ಚಿಗೆ ಹಾಕಿ, "ಆದ್ರ ಖರೆ ಹೇಳ್ಬೇಕಂದ್ರ ಹೊಡದದ್ದು ಮಾನಿಟರ್," ಎಂದು ಸೇರಿಸಿದ.

ಅತಿಥಿಯ ಮಾತು ಸುಳ್ಳಾಗಬಾರದೆಂದೋ ಏನೋ, ಶೈಲಜಾ ಅವನಿಗೆ ಮಾನಿಟರಿನ ಮಹಿಮೆ ತೋರಿಸಲು ಹೋಗಿ ತಳದ ಗುಂಡಿ ಒತ್ತಿದಳು. ಪಟ್ಟಿ ಮೂಡಿತು. ಅದರಲ್ಲಿ ಅರವತ್ತು ಎಂದೇ ಇತ್ತು. ಅವಳು ಪುಸ್ತಕದ ಪುಟ ತಿರುವಿದಳು. ವಯರ್ ಸಿಕ್ಕಿಸಿದರೆ ಸಾಲದಂತೆ, ಕಂಪ್ಯೂಟರಿನ ಸೆಟ್ಟಿಂಗಿನೊಳಗೆ ಹೋಗಿ ನೂರಾ ನಲವತ್ನಾಲ್ಕನ್ನು ನಾವೇ ಆರಿಸಬೇಕಂತೆ. ಅದನ್ನು ಯಾರೂ ಆರಿಸಿರಲಿಲ್ಲ.

ರಿಯಾಜ್ ನಿಧಾನವಾಗಿ ನನ್ನ ಕಡೆ ತಿರುಗಿದ. "ಅಂದ್ರ ನೀ ನನ್ನ ಸೋಲಿಸಿದ್ದು ಅರವತ್ತರಾಗ? ನನ್ನಷ್ಟ ಅರವತ್ತರಾಗ?"

ನನಗೆ ಆಕಾಶ ಮೂರೇ ಗೇಣು ಉಳಿಯಿತು. ಮಾನಿಟರಿನ ಹಂಗಿಲ್ಲದೆ ನನ್ನ ಕೈ ಗೆದ್ದಿತ್ತು. ಅವನ ಎರಡನೆಯ ವಾಕ್ಯ ಅವನೆದುರಿಗೇ ರದ್ದಾಗಿತ್ತು. ನಾನು ಎದೆ ಉಬ್ಬಿಸುವಷ್ಟರಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳಿದ.

"ಹಂಗಾದ್ರ ಎಂಟು ತಿಂಗಳಿಂದ ಎಣ್ಣಿ, ಎಣ್ಣಿ ಅಂತಿದ್ದಿ, ಏನ್ ಕಾಣ್ತಿತ್ತಲೇ ನಿನಗ?"

ಕೈಯನ್ನು ಉಳಿಸಿಕೊಳ್ಳಬೇಕಾದರೆ ಕಣ್ಣನ್ನು ಬಿಟ್ಟುಕೊಡಬೇಕಿತ್ತು. ಕಣ್ಣನ್ನು ಉಳಿಸಿಕೊಂಡರೆ ಗೆಲುವು ಮಾನಿಟರಿನ ಪಾಲಾಗುತ್ತಿತ್ತು. ನಾನು ಬಹಳ ಹೊತ್ತು ಯೋಚಿಸಲಿಲ್ಲ.

"ಏನೂ ಕಾಣ್ತಿರಲಿಲ್ಲ," ಎಂದೆ. "ಗೆದ್ದದ್ದು ಮಾತ್ರ ನಾನ."

ಅವನು ಬಾಯ್ತುಂಬ ನಕ್ಕು ನನ್ನ ಬೆನ್ನಿಗೆ ಗುದ್ದಿ, ಈ ಸಲ ಆದರೆ, ಹೋದರೆ ಇಲ್ಲದೆ ಇಡೀ ವಾಕ್ಯವನ್ನು ಶೈಲಜಾಳ ಮುಂದೆ ಮತ್ತೊಮ್ಮೆ ಹೇಳಿದ. ಅವಳು ಕೇಳಿಸಿಕೊಂಡಳು. ನಾನು ಅದನ್ನು ಮೂರನೆಯ ಸಲವೂ ಹೇಳಿಸಿದೆ.

ಶೈಲಜಾಳೇ ಸೆಟ್ಟಿಂಗಿಗೆ ಹೋಗಿ ನೂರಾ ನಲವತ್ನಾಲ್ಕು ಆರಿಸಿದಳು. ಆಟ ತೆರೆದು ಒಂದು ಸುತ್ತು ಓಡಿಸಿದೆ. ದೇವರಾಣೆಗೂ ಹೇಳುತ್ತೇನೆ, ರಸ್ತೆಬದಿಯ ಒಂದೊಂದು ಕಂಬವೂ ನಡುಗದೆ, ಮಸುಕಾಗದೆ, ತನ್ನ ಪಾಡಿಗೆ ತಾನು ಬಂದು ಹೋಗುತ್ತಿತ್ತು. ಇಂಥದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹೇಳಲೆಂದು ತಿರುಗಿ ಬಾಯಿ ತೆರೆದೆ. ಇಬ್ಬರೂ ನನ್ನ ಮುಖ ನೋಡಿ, ನಾನು ಒಂದಕ್ಷರ ಆಡುವ ಮೊದಲೇ, ಗೋಡೆ ಹಿಡಿದುಕೊಂಡು ನಗತೊಡಗಿದರು.