ಮುಧೋಳದ ತಂಗಿ

ಕೆಲವರು ಎಂಥ ಗುಟ್ಟನ್ನಾದರೂ ಹೊಟ್ಟೆಯಲ್ಲಿಟ್ಟುಕೊಂಡು ಹಾಯಾಗಿ ಇರುತ್ತಾರೆ. ನನ್ನ ಹೊಟ್ಟೆಯಲ್ಲಿ ಮಜ್ಜಿಗೆಯೂ ನೆಟ್ಟಗೆ ನಿಲ್ಲುವುದಿಲ್ಲ. ಅಂಥ ನಾನು ಮೂರು ವರ್ಷ ಬನಹಟ್ಟಿಯಂಥ ಊರಿನಲ್ಲಿ ಒಂದು ಗುಟ್ಟು ಕಾಪಾಡಿಕೊಂಡು ಬಂದೆ. ನಾನು ಯೇಸುವನ್ನು ನಂಬಿದ್ದೇನೆ. ಪರಿಚಯದವರೊಬ್ಬರು ಮುಧೋಳದ ಪ್ರಾರ್ಥನಾ ಸಭೆಗೆ ಕರೆದಿದ್ದರು. ಸಭೆ ಮುಗಿದ ಮೇಲೆ ಕೊಡುವ ಚಹಾ-ಚೂಡಾದ ಆಸೆಗೆ ಹೋದವನು ಅಲ್ಲೇ ಉಳಿದುಬಿಟ್ಟೆ. ಯಾರೂ ಕೈ ಹಿಡಿದು ಎಳೆಯಲಿಲ್ಲ. ಆದರೆ ಈಗಿನ ದಿನಮಾನದಲ್ಲಿ ಮತಾಂತರ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಚಹಾದಂಗಡಿಯ ಮುಂದೆ ಜನ ಸೇರುತ್ತಾರೆ. ನನಗೆ ಆ ಜನಕ್ಕಿಂತ ಸಂಗಪ್ಪನ ಭಯವೇ ಹೆಚ್ಚು.

ಸಂಗಪ್ಪ ನಾನು ಸೀರೆ ನೇಯುವ ಕರೆಂಟು ಮಗ್ಗದ ಶೆಡ್ಡಿನಲ್ಲಿ ನನ್ನ ಎದುರು ಮಗ್ಗದವನು. ಅಲ್ಲಿಯ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ತುಟಿ ನೋಡಿಯೇ ನಾವು ಚಹಾ ತರಿಸುವುದು, ಮಾಲಕನನ್ನು ಬೈಯುವುದು. ಹನ್ನೆರಡು ವರ್ಷದಿಂದ ಇಬ್ಬರೂ ಬುತ್ತಿ ಹಂಚಿಕೊಂಡು ಉಣ್ಣುತ್ತೇವೆ. ವಿಭೂತಿ ಹಚ್ಚದೆ ನೀರು ಕುಡಿಯದ ಮನುಷ್ಯ. ವಿಷಯ ತಿಳಿದರೆ ಬುತ್ತಿ ಎತ್ತಿಕೊಂಡು ಬೇರೆ ಮೂಲೆಗೆ ಹೋದಾನು ಎಂದು ಹೆದರಿ, ಭಾನುವಾರದ ಪ್ರಯಾಣಕ್ಕೆ "ಮುಧೋಳದಾಗ ದೂರದ ತಂಗಿ ಒಬ್ಬಾಕಿ ಅದಾಳ" ಎಂದುಬಿಟ್ಟೆ. ಇಲ್ಲದ ತಂಗಿಗೆ ವಾರವಾರ ಕಾರಣ ಬೇಕಲ್ಲ! ಜ್ವರ ಬರಿಸಿದೆ, ಅತ್ತೆಯೊಡನೆ ಜಗಳ ಹಚ್ಚಿದೆ, ಕೊನೆಗೆ ಒಂದು ಗಂಡುಮಗುವನ್ನೂ ಕೊಟ್ಟೆ. ಸಂಗಪ್ಪನ ಹೆಂಡತಿ ಆ ಕೂಸಿನ ತಲೆಗೆಂದು ಚೆಂದದ ಕುಂಚಿಗೆ ಹೊಲಿದು ಕಳಿಸಿದಳು. ಅದು ನನ್ನ ಟ್ರಂಕಿನಲ್ಲಿತ್ತು. ಟ್ರಂಕು ತೆರೆದಾಗಲೆಲ್ಲ ಅದನ್ನು ಇನ್ನಷ್ಟು ತಳಕ್ಕೆ ತುರುಕುತ್ತಿದ್ದೆ.

ಹೀಗಿರುವಾಗ ಪಾಸ್ಟರ್ ಒಂದು ಭಾನುವಾರ ಎಲ್ಲರ ಮುಂದೆ ಕೇಳಿದರು: "ಬಸವರಾಜಣ್ಣಾರ, ನಿಮ್ಮ ನಂಬಿಕಿ ಬಗ್ಗೆ ಯಾರಿಗರೆ ಹೇಳೀರೇನ್ರಿ?" ನಾನು ಫ್ಯಾನಿನ ಕಡೆ ನೋಡಿದೆ. "ಈ ವಾರ ಒಬ್ಬರಿಗೆ ಹೇಳ್ರಿ, ಸಾಕು" ಎಂದರು. ನಾಲ್ಕು ದಿನ ನಾಳೆ ನಾಳೆ ಎಂದು ಮುಂದೂಡಿದೆ. ಗುರುವಾರ ಮಧ್ಯಾಹ್ನ ಮಗ್ಗ ನಿಲ್ಲಿಸಿ ಬುತ್ತಿ ಬಿಚ್ಚಿದಾಗ ಹೇಳಿಯೇಬಿಟ್ಟೆ.

"ಸಂಗಪ್ಪಾ, ನಾ ಮುಧೋಳಕ್ಕ ಹೋಗೂದು ತಂಗಿ ಮನಿಗಲ್ಲೋ."

"ಗೊತ್ತೈತಿ. ಯೇಸಪ್ಪನ ಪ್ರಾರ್ಥನಾಕ್ಕ."

"ಯಾರ ಹೇಳಿದ್ರು?"

"ನೀನ ಹೇಳಿದಿ. ದಿನಾ ಮುಂಜಾನಿ ಮಗ್ಗ ಚಾಲೂ ಮಾಡಿ ಪ್ರಾರ್ಥನಾ ಮಾಡ್ತಿಯಲ್ಲ, ನನಗೇನ ಕಣ್ಣಿಲ್ಲೇನಲೇ?"

ಸದ್ದಿನ ಧೈರ್ಯದ ಮೇಲೆ ಮೂರು ವರ್ಷ ಅವನ ಮುಖದೆದುರೇ ಬಾಯಿಬಿಟ್ಟು ಬೇಡಿಕೊಂಡವನು ನಾನು! ಏನೇನು ಬೇಡಿಕೊಂಡಿದ್ದೆ ಎಂಬುದೂ ಆಗಲೇ ನೆನಪಾಯಿತು. ಮಾಲಕ ಒಂದು ಹೊಸ ಮಗ್ಗ ತರಿಸಿದಾಗ ಇಡೀ ತಿಂಗಳು ನನ್ನದು ಒಂದೇ ಪ್ರಾರ್ಥನೆ: ಅದು ನನಗೆ ಸಿಗಲಿ, ಸಂಗಪ್ಪನಿಗೆ ಬೇಡ.

"ಸಂಗಪ್ಪ ನೂಲಿನ ಎಳಿ ಭಾಳ ಹರೀತಾನ ಅಂತನೂ ಅಂದಿದ್ದಿ" ಎಂದು ಅವನೇ ನೆನಪು ಮಾಡಿಕೊಟ್ಟ. ಅವನು ಎಂದಿನಂತೆ ನನ್ನ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮುಂದುವರಿಸಿದ: "ನೀ ಅಷ್ಟ ಬೇಡ್ಕೊಂಡರೂ ಮಗ್ಗ ನನಗ ಬಂತು. ಅವತ್ತ ಅನಿಸ್ತು ನೋಡ, ನಿನ್ನ ದೇವ್ರು ಖರೇನ ನ್ಯಾಯವಂತ ಅದಾನ. ಅದಿರಲಿ, ಆ ಕುಂಚಿಗಿ ವಾಪಸ್ ತಾ. ನನಗ ಮೊಮ್ಮಗ ಹುಟ್ಟ್ಯಾನ."

ಭಾನುವಾರ ಪಾಸ್ಟರಿಗೆ, "ಹೇಳಿದೆ ರೀ. ನಮ್ಮ ದೇವರು ನ್ಯಾಯವಂತ ಅಂತ ಒಪ್ಪಿಕೊಂಡಾನ. ನನ್ನ ಪ್ರಾರ್ಥನಾ ನೋಡೇ ಒಪ್ಪಿಕೊಂಡಾನ್ರಿ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವರ ಕಣ್ಣು ತುಂಬಿ ಬಂತು. ಅದು ಎಂಥ ಪ್ರಾರ್ಥನೆ ಎಂದು ಬರುವ ವಾರ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕಂತೆ. ಈಗ ಬಾಯಿಗೆ ಟವೆಲ್ ಕಟ್ಟಿಕೊಂಡು ಬೇಡಿಕೊಳ್ಳುತ್ತಿದ್ದೇನೆ, ಆವತ್ತು ಮುಧೋಳದ ಬಸ್ಸು ಬರದಿರಲಿ ಎಂದು. ಆದರೆ ನನ್ನ ಇಂಥ ಪ್ರಾರ್ಥನೆಗಳ ಗತಿ ಗೊತ್ತಿರುವುದರಿಂದ, ಇಸ್ತ್ರಿ ಮಾಡಿದ ಅಂಗಿಯನ್ನೂ ತೆಗೆದಿಟ್ಟಿದ್ದೇನೆ.