ನಮ್ಮ ಮಾವನವರ ಪುಕ್ಕಟೆ ಡಬ್ಬ

ನಮ್ಮ ಮಾವನವರಿಗೆ ಹುಚ್ಚು ಹಿಡಿದಿದೆ ಎಂದು ಊರವರು ಹೇಳುತ್ತಾರೆ. ತಪ್ಪು! ಹುಚ್ಚನ್ನು ಇವರೇ ಹಿಡಿದುಕೊಂಡಿದ್ದಾರೆ. ಅದು ಪಾಪ, ಬಿಡಿಸಿಕೊಂಡು ಓಡಿಹೋಗಲು ನೋಡುತ್ತಿದೆ. ಕುರಿ ಮಾರಲು ಸಂತೆಗೆ ಹೋಗಿ, ಕೊಳ್ಳುವವನ ಮುಖ ಕುರಿಗೆ ಹಿಡಿಸಲಿಲ್ಲವೆಂದು ವಾಪಸು ಹೊಡೆದುಕೊಂಡು ಬಂದವರು ಕೊಡಿಗೇನಹಳ್ಳಿ ಸುತ್ತಮುತ್ತ ಇನ್ಯಾರಾದರೂ ಇದ್ದಾರೆಯೇ? ಅಂಥವರ ಸೊಸೆಯಾಗಿ ಏಳು ವರ್ಷದಿಂದ ಬಾಳುತ್ತಿದ್ದೇನೆ. ಆದರೂ ನನ್ನನ್ನು ಕಂಡು ಒಬ್ಬರೂ ಕೈಮುಗಿಯುವುದಿಲ್ಲ, ಅದೊಂದು ಬೇಜಾರು.

ಕುರಿಯ ಮಟ್ಟಿಗೆ ಹೇಗೋ ಸಹಿಸಿಕೊಂಡಿದ್ದೆ. ಅವರು ಟೀವಿಗೆ ಕೈ ಹಾಕಿದ ದಿನ ನನ್ನ ಎದೆ ಒಡೆಯಿತು.

ಟೀವಿ ಹೋದರೆ ಎದೆ ಒಡೆಯುತ್ತದೆಯೇ ಎಂದು ನಗಬೇಡಿ. ನನ್ನ ಮಗಳಿಗೆ ಐದು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಎರಡು ವರ್ಷದ ಹಿಂದೆ ತುಮಕೂರಿನಲ್ಲಿ ತೋರಿಸಿದಾಗ ಡಾಕ್ಟರೊಬ್ಬರು, "ಕೈಸನ್ನೆ ಅಭ್ಯಾಸ ಮಾಡಿಸಬೇಡಿ, ಬಾಯಿ ಸೋಮಾರಿಯಾಗುತ್ತೆ. ತುಟಿ ನೋಡಿ ಮಾತು ಕಲೀಲಿ" ಎಂದಿದ್ದರು. ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದೆ. ಮನೆಯಲ್ಲಿ ಯಾರೂ ಮಗುವಿನ ಮುಂದೆ ಕೈ ಆಡಿಸಕೂಡದು! ದಿನಾ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಗಲ್ಲ ಹಿಡಿದು, ನನ್ನ ಬಾಯಿಯನ್ನು ಆದಷ್ಟೂ ಅಗಲಿಸಿ "ಅ... ವ್ವ" ಎನ್ನುತ್ತೇನೆ. ಅವಳು ಹೆದರಿದ ಕಣ್ಣಿನಲ್ಲಿ ನೋಡುತ್ತಾಳೆ. ಒಂದೇ ಒಂದು ಸಲ ಅವಳು ನನ್ನನ್ನು ಅವ್ವಾ ಎಂದುಬಿಟ್ಟರೆ ಸಾಕು, ನನಗೆ ಬೇರೇನೂ ಬೇಡ. ಈ ಪಾಠಕ್ಕೆ ಅವಳನ್ನು ಕೂರಿಸಲು ನನ್ನ ಹತ್ತಿರ ಇದ್ದ ಒಂದೇ ಲಂಚವೆಂದರೆ ಕಾರ್ಟೂನು. ಅರ್ಧ ಗಂಟೆ ಅವ್ವ, ಆಮೇಲೆ ಅರ್ಧ ಗಂಟೆ ಕಾರ್ಟೂನು.

ಒಂದು ಸಂಜೆ ಟೀವಿಯ ತುಂಬ 'ರೀಚಾರ್ಜ್ ಮಾಡಿ' ಎಂಬ ಅಕ್ಷರಗಳು ಬಂದು ನಿಂತವು. ಮಾವ ಬೀಡಿ ಕೆಳಗಿಟ್ಟು ಎದ್ದರು.

"ಗೋಡೆ ನಂದು, ಟೀವಿ ನಂದು, ಕರೆಂಟು ನಂದು. ನಮ್ಮನೇಲೇ ಕುಂತ್ಕಂಡು ನಂಗೇ ಹುಕುಂ ಮಾಡಾಕೆ ಇವನ್ಯಾವನ್ಲಾ?"

ಬೆಳಗ್ಗೆ ಎದ್ದವರೇ ಹಿಂದೂಪುರದ ಬಸ್ಸು ಹತ್ತಿದರು. ಮಧ್ಯಾಹ್ನಕ್ಕೆ ಕಂಕುಳಲ್ಲಿ ಟೀವಿಗೆ ಹಾಕುವ ಒಂದು ಹೊಸ ಡಬ್ಬ ಇಟ್ಟುಕೊಂಡು ಇಳಿದರು. "ಪುಕ್ಕಟೆ ಡಬ್ಬ ಕಣಮ್ಮ! ತಿಂಗ್ಳು ತಿಂಗ್ಳು ಕಟ್ಟಂಗಿಲ್ಲ, ಯಾರ ಹಂಗೂ ಇಲ್ಲ!"

"ಕಾರ್ಟೂನು ಬತ್ತೈತಾ ಮಾವ?"

"ಪುಕ್ಕಟೆ ಅಂದ್ಮ್ಯಾಕೆ ಯಾರ್ ತಾನೆ ಬರಲ್ಲ ಅಂತಾರೆ?"

ಡಿಶ್ಶನ್ನು ಬೇರೆ ದಿಕ್ಕಿಗೆ ತಿರುಗಿಸಬೇಕಿತ್ತು. ಕೂರಿಸುವವರನ್ನು ಕರೆಸಿದರೆ ಮಾವನ ಮರ್ಯಾದೆ ಏನಾಗಬೇಕು? ತಾವೇ ತಾರಸಿ ಹತ್ತಿ, ಹಟಮಾರಿ ಟಗರಿನ ಕೊಂಬು ಹಿಡಿದ ಹಾಗೆ ಡಿಶ್ಶನ್ನು ಹಿಡಿದುಕೊಂಡು ನಿಂತರು. ಕೆಳಗೆ ಟೀವಿ ಕಾಯುವ ಕೆಲಸ ನನ್ನದು.

"ಬಂತೇನಮ್ಮಾ?"

"ಬಂತು ಮಾವಾ! ಅಯ್ಯೋ, ಹೋಯ್ತು!"

"ಹೋಗಾಕೆ ಯಾಕ್ ಬುಟ್ಟೆ?"

ನಾನು ಬಿಟ್ಟೆನಂತೆ! ಬಾಗಿಲು ಹಾಕಿಕೊಂಡಿದ್ದರೆ ಚಿತ್ರ ಒಳಗೇ ಉಳಿಯುತ್ತಿತ್ತೇನೋ!

ಹೊತ್ತು ಇಳಿಯುವಷ್ಟರಲ್ಲಿ ಚಿತ್ರ ನಿಂತಿತು. ಒಂದರಲ್ಲಿ ಭೋಜಪುರಿ ಕುಣಿತ, ಇನ್ನೊಂದರಲ್ಲಿ ಗೋಧಿಗೆ ಯಾವ ಗೊಬ್ಬರ ಹಾಕಬೇಕೆಂದು ಹಿಂದಿಯಲ್ಲಿ ಬುದ್ಧಿವಾದ. ರಾಗಿ ತಿನ್ನುವವರಿಗೆ! ಮಗಳು ರಿಮೋಟು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು. ಅವಳ ಕಾರ್ಟೂನು ಎಲ್ಲೂ ಇರಲಿಲ್ಲ. ರಿಮೋಟನ್ನು ನನ್ನ ಮಡಿಲಲ್ಲಿಟ್ಟು ಕುರಿ ದೊಡ್ಡಿಗೆ ಹೋಗಿಬಿಟ್ಟಳು. ಅಂದಿನಿಂದ ಪಾಠಕ್ಕೆ ತಾನಾಗಿ ಕೂರುವುದನ್ನೂ ನಿಲ್ಲಿಸಿದಳು. ನಮ್ಮವರಿಗೆ ಹೇಳಿದರೆ, "ಅಪ್ಪನ ತಂಟೆಗೆ ನಾನು ಹೋಗಾಕಿಲ್ಲ" ಎಂದು ಮಗ್ಗುಲು ಬದಲಾಯಿಸಿದರು.

ಮಾವನಿಗೆ ಮಾತ್ರ ಬೇಕಾದ ಚಾನೆಲ್ಲು ಸಿಕ್ಕಿತು. ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳುವ ಚಾನೆಲ್ಲು! ಪಕ್ಕದಲ್ಲಿ ಚಿತ್ರ ತೋರಿಸುತ್ತ ಒಬ್ಬ ಮೇಡಮ್ಮು ಕೈಯಲ್ಲೇ ಮಾತಾಡುತ್ತಾರೆ. ಯಾವುದು ಮನೆಯೊಳಗೆ ಬರಬಾರದು ಎಂದಿದ್ದೆನೋ ಅದನ್ನೇ ತಾರಸಿಯಿಂದ ಇಳಿಸಿದ್ದರು.

"ನಾನೇನು ಮಗೀಗೆ ಹೇಳ್ಕೊಟ್ನಾ?" ಎಂದು ಅವರದೇ ವಾದ. "ನಾನ್ ನೋಡ್ತೀನಿ. ಅದು ಪಕ್ದಾಗೆ ಕುಂತಿರ್ತೈತೆ."

ಅದೂ ಸೌಂಡು ಪೂರ್ತಿ ಇಟ್ಟು! "ಕೈಯಾಗೆ ಹೇಳೋದಕ್ಕೆ ಸೌಂಡ್ಯಾಕೆ ಮಾವ?" ಎಂದು ಕೇಳಿದೆ.

"ಆವಮ್ಮ ಅಷ್ಟು ಕಷ್ಟ ಬೀಳ್ತಾವ್ಳೆ. ಸೌಂಡ್ ಕಮ್ಮಿ ಮಾಡಿದ್ರೆ ಮರ್ವಾದೆ ಇರ್ತೈತಾ?"

ಇಷ್ಟಕ್ಕೇ ಮುಗಿಯಲಿಲ್ಲ. ಕಲಿತದ್ದನ್ನು ಊರ ಮೇಲೆ ಪ್ರಯೋಗ ಮಾಡತೊಡಗಿದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೈಯಲ್ಲೇ ಟೀ ಕೇಳಿ, ಎರಡು ಇಡ್ಲಿ ತಿಂದು ಬಂದರು. ಮಧುಗಿರಿ ಬಸ್ಸಿನಲ್ಲಿ ಕೈಯಲ್ಲೇ ಟಿಕೆಟ್ಟು ಕೇಳಿದರಂತೆ. ಪಾಪ, ಮಾತು ಬರದ ಮುದುಕಪ್ಪ ಎಂದು ಕಂಡಕ್ಟರು ಯಾರನ್ನೋ ಎಬ್ಬಿಸಿ ಕಿಟಕಿ ಪಕ್ಕ ಜಾಗ ಕೊಡಿಸಿದ. ಆರಾಮಾಗಿ ಕೂತ ಮಾವ "ನೂರ್ಕಾಲ ಬಾಳಪ್ಪ" ಎಂದು ಬಾಯಿ ಬಿಟ್ಟರು! ಇಡೀ ಬಸ್ಸು ಸೇರಿ ಉಗಿಯಿತಂತೆ. ಇವರೋ ಮನೆಗೆ ಬಂದು, "ಕಂಡಕ್ಟ್ರಿಗೂ ನಮ್ ಕೈಮಾತು ಅರ್ಥ ಆತು ಕಣಮ್ಮ" ಎಂದು ಮೀಸೆ ತಿರುವಿದರು.

ಹೀಗೇ ನಾಲ್ಕೈದು ತಿಂಗಳು! ನಾನು ಎಷ್ಟೆಂದು ತಡೆದುಕೊಳ್ಳಲಿ? ಹೋದ ವಾರ ಒಂದು ಸಂಜೆ ಮಗಳನ್ನು ಹಿಡಿದು ಕೂರಿಸಿ "ಅ... ವ್ವ" ಎಂದೆ. ಅವಳು ನನ್ನ ಕೈ ಕೊಸರಿಕೊಂಡು ಅಂಗಳದಲ್ಲಿದ್ದ ತಾತನ ಹಿಂದೆ ಅವಿತುಕೊಂಡಳು. ನನ್ನ ತಲೆ ಕೆಟ್ಟುಹೋಯಿತು.

"ಮಾವಾ, ನಿಮ್ಮಿಂದ ನನ್ ಮಗ್ಳು ಮೂಕಿಯಾಗೇ ಉಳ್ಕಂತಾಳೆ! ಆ ಡಬ್ಬ ಕಿತ್ತು ತಿಪ್ಪೆಗೆ ಎಸೀತೀನಿ!"

ಮಗಳು ತಾತನ ಪಂಚೆ ಜಗ್ಗಿ, ಮುಂದೆ ಬಂದು, ಸರಸರನೆ ಕೈ ಆಡಿಸಿದಳು. ಮಾವ ಸ್ವಲ್ಪ ಯೋಚಿಸಿ ತಾವೂ ಕೈ ಆಡಿಸಿದರು. ಅವಳು ತಲೆಯಾಡಿಸಿ ಒಳಗೆ ಓಡಿದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ನನ್ನ ಕಣ್ಣೆದುರೇ ಮಾತಾಡಿತ್ತು. ನನಗೆ ಒಂದಕ್ಷರ ತಿಳಿಯಲಿಲ್ಲ.

"ಏನಂದ್ಲು ಮಾವ?"

"ಏನಿಲ್ಲ ಬುಡಮ್ಮ."

"ಹೇಳ್ರಿ."

ಅವರು ನೆಲ ನೋಡಿದರು. "ಅವ್ವ ದಿನಾ ಗಲ್ಲ ಹಿಡ್ದು ನನ್ ಮ್ಯಾಲೆ ಯಾಕೆ ಸಿಟ್ಟಾಗ್ತಾಳೆ ಅಂತ ಕೇಳ್ತು."

ಎರಡು ವರ್ಷ ನಾನು ಮಾಡಿದ ಪಾಠ ಅವಳಿಗೆ ಬೈಗುಳವಾಗಿ ಕಂಡಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಆಸೆ ನೋಡಿ, ನನ್ನ ಬಾಯಿಂದ ಬಂದದ್ದು ಬೇರೆಯೇ ಪ್ರಶ್ನೆ.

"ಅವ್ವ ಅಂದ್ಲಾ ಮಾವ?"

"ಹ್ಞೂಂ ಕಣಮ್ಮ. ಮೂಗುಬೊಟ್ಟು ಇಕ್ಕೋ ತಾವ ಬೆರಳು ಮುಟ್ಟಿದ್ಲಲ್ಲ, ಅದೇ ಅವ್ವ. ದಿನಕ್ಕೆ ನೂರ್ ಸಲ ನಿನ್ನ ಅಂಗೇ ಕೂಗ್ತಾಳೆ. ನೀನು ನೆಗಡಿ ಅಂದ್ಕಂಡು ಮೂಗು ಒರೆಸ್ತೀಯ."

ನಿಜ. ಸೆರಗಿನಲ್ಲಿ ಅದೆಷ್ಟು ಸಲ ಒರೆಸಿದ್ದೇನೋ! ನಾನು ಹೊಸ್ತಿಲ ಮೇಲೆ ಕೂತೆ. "ನೀವೇನ್ ಹೇಳಿದ್ರಿ ಅವಳಿಗೆ?" ಎಂದು ಕೇಳಿದೆ.

"ಸಿಟ್ಟಿಲ್ಲ ಅಂತ ಹೇಳೋ ಪಾಠ ಇನ್ನೂ ಬಂದಿಲ್ಲ. ಅದ್ಕೇ, ಅವ್ವಂಗೆ ಹಸಿವು ಅಂದೆ."

ಅಷ್ಟರಲ್ಲಿ ಮಗಳು ಒಳಗಿಂದ ತನ್ನ ಬನ್ನು ತಂದಳು. ಮುರಿದು, ಎರಡು ಚೂರನ್ನೂ ಅಳೆದು ನೋಡಿ, ದೊಡ್ಡದನ್ನು ನನ್ನ ಬಾಯಿಗಿಟ್ಟಳು. ನನಗೆ ಹಸಿವಿರಲಿಲ್ಲ. ಪೂರ್ತಿ ತಿಂದೆ.