ನಮ್ಮತ್ತೆ, ಕಸ ಮತ್ತು ಅನುದಾನ

ನಮ್ಮತ್ತೆ ಒಂದು ಸಲ ಕಸದ ಆಟೋದಲ್ಲಿ, ಡ್ರೈವರ್ ಪಕ್ಕ ಕೂತು, ಹೆಸರಘಟ್ಟ ರಸ್ತೆಯಲ್ಲಿ ಮೆರವಣಿಗೆ ಹೋಗಿದ್ದಾರೆ ಅಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ, ನಮ್ಮ ಶಾಲೆಯ ಹಿಂದಿ ಮೇಡಂ ಬಸ್ಸಿನ ಕಿಟಕಿಯಿಂದ ತೆಗೆದ ಫೋಟೋವನ್ನು ಸ್ಟಾಫ್ ಗ್ರೂಪಿಗೆ ಹಾಕುವ ತನಕ. ತಲೆ ಮೇಲೆ ಸೆರಗು, ತೊಡೆ ಮೇಲೆ ಚೀಲ, ಮುಖದಲ್ಲಿ ಬೀಗರ ಮನೆಗೆ ಹೊರಟ ಗಾಂಭೀರ್ಯ. ಕೆಳಗೆ ಮೇಡಂ ಕೇಳಿದ್ದರು: "ಇವರು ನಿಮ್ಮತ್ತೆ ಅಲ್ವಾ?" ಅಲ್ಲ ಅಂದುಬಿಡೋಣವೆಂದರೆ, ಚೀಲದ ಮೇಲೆ ನಮ್ಮ ಶಾಲೆಯ ಹೆಸರೇ ದೊಡ್ಡದಾಗಿ ಅಚ್ಚಾಗಿತ್ತು!

ಅತ್ತೆಯದು ರೋಣದ ಹತ್ತಿರದ ಒಂದು ಊರು. ನಮ್ಮ ಯಜಮಾನರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಬಾಗಲಗುಂಟೆಯಲ್ಲಿ ಮನೆ ಮಾಡಿದಾಗಿನಿಂದ ನಮ್ಮ ಜೊತೆಗೇ ಇದ್ದಾರೆ. ಜಗಳಗಂಟಿಯಲ್ಲ, ಜಿಪುಣಿಯಲ್ಲ, ನನ್ನ ಅಡುಗೆಗೆ ಒಂದು ದಿನವೂ ಹೆಸರಿಟ್ಟವರಲ್ಲ. ಇರುವುದು ಒಂದೇ ಕಾಯಿಲೆ. ಯಾರಾದರೂ ಏನನ್ನಾದರೂ ಬಿಸಾಡಿದರೆ ಸಾಕು, ಕತ್ತು ಚಾಚಿ ಕೇಳುತ್ತಾರೆ: "ಇದು ಕಡೀಕ ಎಲ್ಲಿಗೆ ಹೊಕ್ಕೈತಿ?" ಅಂದರೆ, ಇದು ಕೊನೆಗೆ ಎಲ್ಲಿಗೆ ಹೋಗತ್ತೆ ಅಂತ. ಇದಕ್ಕೆ ಯಾರ ಹತ್ತಿರ ಉತ್ತರವಿದೆ ಹೇಳಿ? ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದವನಿಗೆ ತಾನು ಎಲ್ಲಿಗೆ ಹೋಗಬೇಕೆಂಬುದೇ ಮರೆತುಹೋಗುವಂಥ ಪ್ರಶ್ನೆ ಅದು.

ನಮ್ಮ ಟೆರೇಸಿನ ತಂತಿಯ ಮೇಲೆ ಬಟ್ಟೆಗಿಂತ ಹಾಲಿನ ಕವರುಗಳೇ ಜಾಸ್ತಿ. ತೊಳೆದು, ಕ್ಲಿಪ್ಪು ಹಾಕಿ, ಒಣಗಿಸಿ, ಮಡಿಸಿ ಇಡುತ್ತಾರೆ. ಎದುರು ಮನೆಯವರು ಮೊದಮೊದಲು ನಾವು ಹಾಲಿನ ವ್ಯಾಪಾರ ಇಟ್ಟಿದ್ದೇವೆಂದು ತಿಳಿದು, ಸಂಜೆ ಒಂದು ಲೀಟರು ಮೊಸರು ಸಿಗುತ್ತಾ ಅಂತ ವಿಚಾರಿಸಿದ್ದರು.

ಒಮ್ಮೆ ಯಶವಂತಪುರದ ಛತ್ರದಲ್ಲಿ ಯಾವುದೋ ಮದುವೆ. ಊಟವಾದ ಮೇಲೆ ಅತ್ತೆ ನಾಪತ್ತೆ. ಹುಡುಕಿದರೆ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು, ಖಾಲಿ ನೀರಿನ ಬಾಟಲಿಗಳ ಗುಡ್ಡೆ ತೋರಿಸಿ ಅಡುಗೆ ಕಂಟ್ರಾಕ್ಟರನ್ನು ವಿಚಾರಣೆ ಮಾಡುತ್ತಿದ್ದಾರೆ. ಆತ ಇವರನ್ನು ಕಾರ್ಪೊರೇಷನ್ ಕಡೆಯವರೆಂದು ತಿಳಿದು ಬೆವತುಹೋಗಿದ್ದ. ನಾವು ಹೊರಡುವಾಗ ಓಡಿಬಂದು ಒಂದು ಡಬ್ಬಿ ಮೈಸೂರುಪಾಕು ಕೊಟ್ಟ. ಅತ್ತೆ ಸಂತೋಷವಾಗಿ ತೆಗೆದುಕೊಂಡರು. ದಾರಿಯುದ್ದಕ್ಕೂ ತಿಂದರು. ತಿಂದು ಮುಗಿದ ಮೇಲೆ ಖಾಲಿ ಡಬ್ಬಿಯನ್ನು ತಿರುಗಿಸಿ ನೋಡುತ್ತಾ ನಮ್ಮ ಯಜಮಾನರ ಕಡೆ ತಿರುಗಿದರು. ಅವರು ಕಣ್ಣುಮುಚ್ಚಿ ನಿದ್ದೆಯ ನಟನೆ ಮಾಡಿದರು.

ಇಂಥವರು ಕಸದ ಆಟೋ ಹತ್ತದೆ ಇನ್ನೇನು ಮಾಡುತ್ತಾರೆ? ದಿನಾ ಬರುವ ಡ್ರೈವರನ್ನು ದಿನಾ ಕೇಳಿದ್ದಾರೆ. ಅವನಿಗೂ ಸಾಕಾಗಿ, ಬನ್ನಿ ಅಜ್ಜಿ ತೋರಿಸ್ತೀನಿ ಅಂದಿದ್ದಾನೆ. ಒಣ ಕಸ ವಿಂಗಡಿಸುವ ಶೆಡ್ಡಿನ ತನಕ ಹೋಗಿ, ಕಣ್ಣಾರೆ ನೋಡಿ, ಅಲ್ಲಿ ಚಹಾ ಕುಡಿದು, ಅದೇ ಗಾಡಿಯಲ್ಲಿ ವಾಪಸು ಬಂದರು. ಮನೆಯ ಮಾನ ಏನಾಯಿತು ಅಂತ ನಾನು ಯೋಚಿಸುತ್ತಿದ್ದರೆ, ಅವರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಅಲ್ಲಿ ಹೆಣ್ಮಕ್ಕಳು ಕುಂತು ಒಂದೊಂದ ಆರಿಸ್ತಾರ. ಶಾಂಪೂ ಬಾಟ್ಲಿ ತೊಳದು ಹಾಕವಾ, ಅವರ ಕೈಯೆಲ್ಲಾ ಜಾರ್ತಾವ" ಅಂದರು.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ.

ನಾನು ನಮ್ಮ ಬಡಾವಣೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಆಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ. ಆ ವರ್ಷ ಆಗಬೇಕಿತ್ತು. ಶಾಲೆಯ ಕಸವನ್ನು ಹಿಂದುಗಡೆ ಕಾಂಪೌಂಡಿನ ಪಕ್ಕ ಸುಡುವುದು ವಾಡಿಕೆ. ಹೊಗೆ ನೇರ ಒಂಬತ್ತನೇ ಕ್ಲಾಸಿಗೆ ನುಗ್ಗುತ್ತಿತ್ತು. ನಾನು ಆಮ್ಲಜನಕದ ಪಾಠ ಮಾಡುವಾಗ ಮಕ್ಕಳು ಕೆಮ್ಮುತ್ತಿದ್ದರು. ಹೀಗಿರುವಾಗ, ಸುತ್ತಲಿನ ಅಪಾರ್ಟ್‌ಮೆಂಟುಗಳ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಒಂದು ಟ್ರಸ್ಟಿನವರು, ಕಸದ ಮರುಬಳಕೆ ಶುರುಮಾಡುವ ಶಾಲೆಗಳಿಗೆ ಅನುದಾನ ಕೊಡುತ್ತೇವೆಂದು ತಿಳಿಸಿದರು. ನಮ್ಮ ಹೆಡ್‌ಮಿಸ್ ಆ ಕೆಲಸವನ್ನು ನನಗೇ ವಹಿಸಿದರು. ಯಾಕೆ ನನಗೆ ಅಂತ ಕೇಳಿದ್ದಕ್ಕೆ, "ನಿಮ್ಮ ಮನೇಲಿ ಈ ವಿಷಯ ಚೆನ್ನಾಗಿ ಗೊತ್ತಿರೋರು ಇದಾರಲ್ಲ" ಅಂದರು. ಆ ಫೋಟೋದ ಕೃಪೆ!

ಹಸಿರು, ನೀಲಿ, ಕೆಂಪು ಡಬ್ಬಗಳು ಬೇಕು ಅಂತ ಅರ್ಜಿ ಹಾಕಿದೆವು. ಎಲ್ಲ ಶಾಲೆಯವರೂ ಅದನ್ನೇ ಕೇಳುತ್ತಾರಂತೆ. ಟ್ರಸ್ಟಿನ ಸಮಿತಿಯವರು ನೋಡಲು ಬರುವ ದಿನ ಗೇಟಿಗೆ ಫ್ಲೆಕ್ಸ್ ಕಟ್ಟಿದೆವು. ಮಕ್ಕಳು ಥರ್ಮಕೋಲಿನಲ್ಲಿ ಭೂಮಿ ಮಾಡಿ, ಅದರ ಮೇಲೆ "ನನ್ನನ್ನು ಉಳಿಸಿ" ಅಂತ ಬರೆದರು. ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ತರಿಸಿದೆವು. ಇದರಲ್ಲಿ ತಮಾಷೆಯೇನೆಂದು ಆ ದಿನ ನಮಗ್ಯಾರಿಗೂ ಹೊಳೆಯಲಿಲ್ಲ.

ಸಭೆ ಶುರುವಾಗಿ ನೋಡುತ್ತೇನೆ, ಮುಂದಿನ ಸಾಲಿನಲ್ಲಿ ನಮ್ಮತ್ತೆ! ಕಸಕ್ಕೆ ದುಡ್ಡು ಕೊಡುವ ಜನ ಬರುತ್ತಾರೆಂದು ನಾನು ಮನೆಯಲ್ಲಿ ಹೇಳಿದ್ದೇ ತಪ್ಪಾಗಿತ್ತು. ಅಂಥವರಿಗೆ ಎಲ್ಲಾ ಗೊತ್ತಿರುತ್ತದೆ, ಒಂದು ಮಾತು ಕೇಳಿಬರೋಣ ಅಂತ ಹೊರಟು ಬಂದಿದ್ದರು. ವಾಚ್‌ಮನ್ ಅವರನ್ನೂ ಸಮಿತಿಯವರೆಂದು ತಿಳಿದು, ಒಳ್ಳೆಯ ಕುರ್ಚಿಯನ್ನೇ ಹಾಕಿದ್ದ.

ಅಧ್ಯಕ್ಷರು, ನಿವೃತ್ತ ಅಧಿಕಾರಿಯೊಬ್ಬರು, ಬಣ್ಣದ ಡಬ್ಬಗಳ ಮಹತ್ವದ ಬಗ್ಗೆ ಚೆನ್ನಾಗಿ ಮಾತಾಡಿದರು. ಯಾರಿಗಾದರೂ ಪ್ರಶ್ನೆ ಇದೆಯಾ ಅಂತ ವಾಡಿಕೆಗೆ ಕೇಳಿದರು. ಅತ್ತೆ ಎದ್ದು ನಿಂತರು.

"ಸಾಹೇಬ್ರ, ಈ ಕಸ ಕಡೀಕ ಎಲ್ಲಿಗೆ ಹೊಕ್ಕೈತ್ರಿ?"

"ಡಬ್ಬಕ್ಕೆ ಹೋಗುತ್ತೆ, ಅಮ್ಮ."

"ಡಬ್ಬಿ ತುಂಬಿದ ಮ್ಯಾಲ್ರಿ?"

ಅಧ್ಯಕ್ಷರು ಹೆಡ್‌ಮಿಸ್ ಕಡೆ ನೋಡಿದರು. ಹೆಡ್‌ಮಿಸ್ ನನ್ನ ಕಡೆ ನೋಡಿದರು. ನಾನು ಥರ್ಮಕೋಲಿನ ಭೂಮಿಯ ಕಡೆ ನೋಡಿದೆ. ಅಜ್ಜಿಗೆ ಅವಮಾನವಾಗಬಾರದೆಂದೋ ಏನೋ, ಬಾಗಿಲಲ್ಲಿದ್ದ ವಾಚ್‌ಮನ್ ವಿನಯದಿಂದ ಹೇಳಿದ: "ಹಿಂದ್ಗಡೆ ಸುಡ್ತೀವಿ ಸಾರ್."

ಸಮಿತಿಯವರು ಉಪ್ಪಿಟ್ಟು ಮುಟ್ಟದೆ ಹೊರಟರು. ಅವರ ಕಾರ್ಯದರ್ಶಿ, ಒಬ್ಬ ಹೆಂಗಸು, ಹೋಗುವಾಗ ಶಾಲೆಯ ಹಿಂದೆ ಹೋಗಿ ಆ ಬೂದಿಯ ಗುಡ್ಡೆಯನ್ನೂ ನೋಡಿಕೊಂಡು ಬಂದರು.

ಆಮೇಲೆ ಟ್ರಸ್ಟಿನಿಂದ ಸುದ್ದಿಯೇ ಇಲ್ಲ. ಹೆಡ್‌ಮಿಸ್ ನನ್ನ ಜೊತೆ ಮಾತು ಬಿಟ್ಟರು. ಕಾಯಂ ಮಾಡುವ ವಿಷಯ ಎತ್ತಿದರೆ ಆಮೇಲೆ ನೋಡೋಣ ಅಂದರು. ಆ "ಆಮೇಲೆ" ಬಹಳ ದೂರ ಇದ್ದಂತೆ ಕೇಳಿಸಿತು. ನಾನು ಅತ್ತೆಗೆ ಏನೂ ಹೇಳಲಿಲ್ಲ. ಆದರೆ ನಮ್ಮ ಯಜಮಾನರು ಒಂದು ದಿನ ತಡೆಯಲಾರದೆ ಹೇಳಿಬಿಟ್ಟರಂತೆ, ನಿನ್ನ ಸೊಸೆಯ ನೌಕರಿ ತೂಗಾಡುತ್ತಿದೆ ಅಂತ.

ಅವತ್ತಿನಿಂದ ಅತ್ತೆ ಏನನ್ನೂ ಕೇಳಲಿಲ್ಲ.

ಎಷ್ಟೋ ವರ್ಷ ಈ ಪ್ರಶ್ನೆ ನಿಂತರೆ ಸಾಕೆಂದು ಕಾದವಳು ನಾನು. ನಿಂತ ಮೇಲೆ ಮನೆ ಭಣಭಣ ಅನ್ನತೊಡಗಿತು. ತಂತಿಯ ಮೇಲೆ ಬರೀ ಬಟ್ಟೆ. ಒಂದು ದಿನ ಬೇಕೆಂದೇ ಅವರ ಕಣ್ಣೆದುರಿಗೆ ಶಾಂಪೂ ಬಾಟಲಿಯನ್ನು ತೊಳೆಯದೆ ಬುಟ್ಟಿಗೆ ಹಾಕಿದೆ, ಬೈಯಲಿ ಅಂತ. ಒಮ್ಮೆ ನೋಡಿ, ಟೀವಿ ಕಡೆ ಮುಖ ತಿರುಗಿಸಿಕೊಂಡರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಕೊನೆಗೊಂದು ದಿನ ಹೆಡ್‌ಮಿಸ್ ಕರೆಸಿದರು. ಇವತ್ತು ಮುಗಿಯಿತು ಅಂತಲೇ ಹೋದೆ. ಅವರು ಕೂತ್ಕೊಳ್ಳಿ ಅಂದರು, ಟೀ ತರಿಸಿದರು. ಬಯ್ಯುವ ಮುಂಚೆ ಯಾರಾದರೂ ಟೀ ಕೊಡುತ್ತಾರಾ ಅಂತ ನಾನು ಯೋಚಿಸುತ್ತಿರುವಾಗಲೇ ವಿಷಯ ಹೇಳಿದರು. ಟ್ರಸ್ಟಿನ ಕಾರ್ಯದರ್ಶಿ ಫೋನ್ ಮಾಡಿದ್ದರಂತೆ. ನಮ್ಮಲ್ಲಿಂದ ಹೋದ ಮೇಲೆ, ಅತ್ತೆಯ ಪ್ರಶ್ನೆ ತಲೆಯಿಂದ ಹೋಗದೆ, ತಾವು ಹಿಂದೆ ಡಬ್ಬ ಕೊಟ್ಟಿದ್ದ ಶಾಲೆಗಳಿಗೆ ಹೇಳದೆ ಕೇಳದೆ ಹೋಗಿ ನೋಡಿದರಂತೆ. ಒಂದು ಕಡೆ ಹಸಿರು ಡಬ್ಬದಲ್ಲಿ ಕೈತೊಳೆಯುವ ನೀರು ತುಂಬಿಟ್ಟಿದ್ದರು. ಇನ್ನೊಂದು ಕಡೆ ನೀಲಿ ಡಬ್ಬದಲ್ಲಿ ವಾಲಿಬಾಲ್ ನೆಟ್ಟು. ಸಂಗೀತದ ಮೇಷ್ಟರೊಬ್ಬರು ಕೆಂಪು ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ತಾಳ ಹಾಕುತ್ತಿದ್ದರಂತೆ.

ಹಾಗಾಗಿ ಡಬ್ಬ ಕೊಡುವುದಿಲ್ಲ. ಅನುದಾನ ಕೊಡುತ್ತಾರೆ. ಕಸ ವಿಂಗಡಿಸಲು ಹಿಂದುಗಡೆ ಒಂದು ಶೆಡ್ಡು, ಎಲೆ ಮತ್ತು ಊಟದ ಕಸಕ್ಕೆ ಗೊಬ್ಬರದ ಗುಂಡಿ, ವಾರವಾರ ಒಣ ಕಸ ಒಯ್ಯಲು ಗಾಡಿ. ಇನ್ನು ಮುಂದೆ ಸುಡಬಾರದು, ಅದೊಂದೇ ಷರತ್ತು. "ನಿಮ್ಮ ವಿಷಯ ಮ್ಯಾನೇಜ್‌ಮೆಂಟ್ ಹತ್ರ ನಾನೇ ಮಾತಾಡ್ತೀನಿ, ನೀವು ಆರಾಮಾಗಿರಿ" ಅಂದರು ಹೆಡ್‌ಮಿಸ್. ನಾನು ಟೀ ಕುಡಿದೆ. ತಣ್ಣಗಾಗಿತ್ತು, ಸಕ್ಕರೆಯೂ ಇರಲಿಲ್ಲ. ಆದರೂ ಅಷ್ಟು ರುಚಿಯಾದ ಟೀ ನಾನು ಕುಡಿದೇ ಇಲ್ಲ.

ಸಂಜೆ ಚಪ್ಪಲಿ ಬಿಡುವ ಮುಂಚೆಯೇ ಅತ್ತೆಗೆ ಹೇಳಿದೆ. ಅವರು ಮಂಚದ ತುದಿಯಲ್ಲಿ ಕೂತಿದ್ದರು. ಅನುದಾನ, ಶೆಡ್ಡು, ಗಾಡಿ ಯಾವುದೂ ಅವರ ಕಿವಿಗೆ ಬೀಳಲಿಲ್ಲ.

"ಹಂಗಾರ ನಿನ್ನ ನೌಕ್ರಿ?"

"ಏನೂ ಆಗಲ್ಲ ಅತ್ತೆ. ಕಾಯಂ ಆಗತ್ತೆ."

ಇನ್ನೊಮ್ಮೆ ಹೇಳು ಅಂದರು. ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡು, ಬಗ್ಗಿ, ಮಂಚದ ಕೆಳಗಿನಿಂದ ಒಂದು ಬ್ಯಾಗು ಎಳೆದರು. ಭಾನುವಾರ ಯಶವಂತಪುರದಿಂದ ರೈಲು ಹತ್ತಿ ಹುಬ್ಬಳ್ಳಿಗೆ, ಮಗಳ ಮನೆಗೆ ಹೋಗಿಬಿಡುವುದೆಂದು ತೀರ್ಮಾನ ಮಾಡಿದ್ದರಂತೆ. ಮಗನಿಗೂ ಹೇಳಿರಲಿಲ್ಲ. "ನನ್ನ ಬಾಯಿಂದ ನಿನ್ನ ಅನ್ನಕ್ಕ ಕಲ್ಲು ಬಿತ್ತಂತ ತಿಳ್ಕೊಂಡಿದ್ನಿ" ಅಂದರು.

ನೆಲದ ಮೇಲೆ ಕೂತು ಬ್ಯಾಗಿನ ಜಿಪ್ ತೆಗೆದೆ. ಅವರ ಸೀರೆಗಳನ್ನು ಒಂದೊಂದಾಗಿ ಹೊರಗಿಟ್ಟೆ. ಎಲ್ಲಕ್ಕಿಂತ ಕೆಳಗೆ ನನ್ನದೊಂದು ಹಳೆಯ ನೂಲಿನ ಸೀರೆ ಇತ್ತು, ಮನೆಯಲ್ಲಿ ಉಟ್ಟು ಉಟ್ಟು ಬಣ್ಣ ಹೋದದ್ದು. ಎಲ್ಲಿ ಹೋಯಿತು ಅಂತ ನಾನು ಮನೆಯೆಲ್ಲ ಹುಡುಕಿದ್ದೆ.

"ಇದು ನಂದಲ್ವಾ ಅತ್ತೆ?"

ಅವರು ಕಿಟಕಿಯ ಕಡೆ ನೋಡಿದರು. "ಅಲ್ಲಿ ನಿನ್ನ ನೆನಪಾದ್ರ ಏನ್ ಮಾಡ್ಲಿ?" ಅಂದರು.

ಸೀರೆಗಳನ್ನೆಲ್ಲ ಮಡಿಸಿ ಅವರ ಬೀರುವಿನಲ್ಲಿ ಜೋಡಿಸಿದೆ. ನನ್ನ ಸೀರೆಯನ್ನೂ ಅಲ್ಲೇ ಇಟ್ಟೆ, ಅವರ ಸೀರೆಗಳ ನಡುವೆ.